ಸೇನಾ ರ‍್ಯಾಲಿಗೆ ಮುನ್ನ ಆರು ತಿಂಗಳು: ಓಡಿ ಅಭ್ಯಾಸವಿಲ್ಲದವರು ಎಲ್ಲಿಂದ ಆರಂಭಿಸಬೇಕು?

ಅಗ್ನಿಪಥ ಯೋಜನೆಯಡಿ ಸೇನೆಗೆ ಸೈನಿಕರನ್ನು ತೆಗೆದುಕೊಳ್ಳುವ ಅಗ್ನಿವೀರ ನೇಮಕಾತಿಗೆ ಸೇರಬೇಕೆಂದಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿರುತ್ತದೆ: “ನನಗೆ ಓಡಿ ಅಭ್ಯಾಸವೇ ಇಲ್ಲ. ಒಂದು ಸುತ್ತಿಗೇ ಏದುಸಿರು ಬರುತ್ತದೆ. ಬೀಮ್ (ಅಡ್ಡ ಕಂಬಿ) ಹಿಡಿದು ಜೋತುಬಿದ್ದರೆ ಒಂದು ಸಲವೂ ಮೇಲೇಳಲು ಆಗುವುದಿಲ್ಲ. ನಾನು ಎಲ್ಲಿಂದ ಶುರು ಮಾಡಲಿ?” ಈ ಲೇಖನವನ್ನು ಅಂಥವರಿಗಾಗಿಯೇ ಬರೆದಿದ್ದೇನೆ. ಈಗಾಗಲೇ ಶಾಲಾ ಕಾಲೇಜಿನ ತಂಡಗಳಲ್ಲಿ ಆಡಿ ಪಳಗಿರುವವರು ನಾಲ್ಕನೆಯ ಹಂತದಿಂದ ಓದಬಹುದು.

ಮೊದಲಿಗೆ ಕಾಲಾವಧಿಯ ಮಾತು. ಏನೂ ಅಭ್ಯಾಸವಿಲ್ಲದ ದೇಹಕ್ಕೆ ಸುಮಾರು 24 ವಾರ, ಅಂದರೆ ಆರು ತಿಂಗಳಿನಷ್ಟು ಸಮಯ ಕೊಡಿ. ಇಷ್ಟು ದೀರ್ಘ ಅವಧಿ ಏಕೆ ಬೇಕೆಂದರೆ, ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಬಲಗೊಳ್ಳುವುದಿಲ್ಲ. ಹೃದಯ ಮತ್ತು ಉಸಿರಾಟ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಸ್ನಾಯುಗಳು ಅದಕ್ಕಿಂತ ಸ್ವಲ್ಪ ಹಿಂದೆ ಬರುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಮತ್ತು ಎಲುಬುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಐದನೆಯ ವಾರದಲ್ಲಿ ನಿಮ್ಮ ಉಸಿರು “ಇನ್ನೂ ಓಡಬಲ್ಲೆ” ಎನ್ನುತ್ತಿರುವಾಗ ಕಣಕಾಲಿನ ಎಲುಬು ಅದಕ್ಕೆ ಸಿದ್ಧವಾಗಿರುವುದಿಲ್ಲ. ಹೊಸಬರು ಹೆಚ್ಚಾಗಿ ಪೆಟ್ಟುಮಾಡಿಕೊಳ್ಳುವುದು ಈ ಅಂತರದಲ್ಲಿಯೇ. ಮುಂದೆ ಹೇಳುವ ಎಲ್ಲ ಹಂತಗಳೂ ಈ ಒಂದು ಸಂಗತಿಯನ್ನು ಗಮನದಲ್ಲಿಟ್ಟುಕೊಂಡು ರೂಪಿಸಿದವು.

ಅಗ್ನಿಪಥ ಯೋಜನೆ 2022ರ ಜೂನ್‌ನಲ್ಲಿ ಬಂದಾಗ ಹಿಂದಿನಂತೆ ರ‍್ಯಾಲಿ ಮೊದಲು, ಲಿಖಿತ ಪರೀಕ್ಷೆ ಆಮೇಲೆ ಎಂಬ ಕ್ರಮವಿತ್ತು. 2023ರಿಂದ ಭೂಸೇನೆ ಇದನ್ನು ತಿರುಗಿಸಿ, ಕಂಪ್ಯೂಟರಿನಲ್ಲಿ ಬರೆಯುವ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಮೊದಲಿಗೆ ತಂದಿತು. ಅದರಲ್ಲಿ ಆಯ್ಕೆಯಾದವರನ್ನು ಮಾತ್ರ ರ‍್ಯಾಲಿಗೆ, ಅಂದರೆ ದೈಹಿಕ ಪರೀಕ್ಷೆ ಮತ್ತು ಅಳತೆಗಳು ನಡೆಯುವ ಮೈದಾನದ ಶಿಬಿರಕ್ಕೆ ಕರೆಯುತ್ತಾರೆ. ಈ ಬದಲಾವಣೆಯಿಂದ ಹುಟ್ಟಿಕೊಂಡ ದೊಡ್ಡ ತಪ್ಪೆಂದರೆ, ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಓಟ ಆರಂಭಿಸಿದರಾಯಿತು ಎಂದು ಕಾಯುವುದು. ಫಲಿತಾಂಶಕ್ಕೂ ರ‍್ಯಾಲಿಗೂ ನಡುವೆ ಉಳಿಯುವ ದಿನಗಳು ಸೊನ್ನೆಯಿಂದ ಆರಂಭಿಸುವವರಿಗೆ ಸಾಲುವುದಿಲ್ಲ. ಅರ್ಜಿ ಹಾಕುವ ಮೊದಲೇ ಮೈದಾನಕ್ಕೆ ಇಳಿಯಿರಿ. ಪುಸ್ತಕವನ್ನೂ ಓಟವನ್ನೂ ಒಟ್ಟಿಗೆ ನಡೆಸಿ.

ಗುರಿ ಎಷ್ಟು?

ಭೂಸೇನೆಯ ಜನರಲ್ ಡ್ಯೂಟಿ (ಸಾಮಾನ್ಯ ಸೈನಿಕ) ವರ್ಗದ ಪುರುಷ ಅಭ್ಯರ್ಥಿಗಳಿಗೆ ನಾಲ್ಕು ಪರೀಕ್ಷೆಗಳಿವೆ. ಮೊದಲನೆಯದು 1.6 ಕಿಲೋಮೀಟರ್ ಓಟ: 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ ಪೂರ್ಣ 60 ಅಂಕ, 5 ನಿಮಿಷ 45 ಸೆಕೆಂಡಿನೊಳಗೆ ಬಂದವರಿಗೆ 48 ಅಂಕ. ಎರಡನೆಯದು ಬೀಮ್, ಅಂದರೆ ಅಡ್ಡ ಕಂಬಿಯನ್ನು ಹಿಡಿದು ಗದ್ದ ಕಂಬಿಯ ಮೇಲೆ ಬರುವಂತೆ ಮೈಯನ್ನು ಎಳೆದುಕೊಳ್ಳುವ ಪುಲ್‌ಅಪ್: 10 ಎಳೆದರೆ 40 ಅಂಕ, ಕನಿಷ್ಠ 6 ಎಳೆದರೆ 16 ಅಂಕ. ಉಳಿದೆರಡಾದ ಒಂಬತ್ತು ಅಡಿ ಹಳ್ಳದ ಜಿಗಿತ ಮತ್ತು ಝಿಗ್‌ಝ್ಯಾಗ್ ಬ್ಯಾಲೆನ್ಸ್‌ಗೆ ಅಂಕವಿಲ್ಲ, ಆದರೆ ಉತ್ತೀರ್ಣರಾಗಲೇಬೇಕು. ಸೇನಾ ಪೊಲೀಸ್ ವಿಭಾಗಕ್ಕೆ ಸೇರುವ ಮಹಿಳೆಯರಿಗೆ 1.6 ಕಿಲೋಮೀಟರ್ ಓಟ 7 ನಿಮಿಷ 30 ಸೆಕೆಂಡ್ ಮತ್ತು 8 ನಿಮಿಷದ ಎರಡು ಗುಂಪುಗಳಲ್ಲಿದ್ದು, 10 ಅಡಿ ಉದ್ದ ಜಿಗಿತ ಮತ್ತು 3 ಅಡಿ ಎತ್ತರ ಜಿಗಿತ ಇರುತ್ತದೆ. ಓಟದ ಗುಂಪುಗಳೂ ವಯಸ್ಸಿನ ಮಿತಿಯೂ ಆಯಾ ವರ್ಷದ ಅಧಿಸೂಚನೆಯಲ್ಲಿ ಬದಲಾಗುವುದುಂಟು. ಆದುದರಿಂದ ನಿಮ್ಮ ಸೇನಾ ನೇಮಕಾತಿ ಕಚೇರಿಯ ಆ ವರ್ಷದ ಅಧಿಸೂಚನೆಯನ್ನು ಅಕ್ಷರ ಅಕ್ಷರವಾಗಿ ಓದಿ. ಕರ್ನಾಟಕದಲ್ಲಿ ಬೆಂಗಳೂರು, ಬೆಳಗಾವಿ ಮತ್ತು ಮಂಗಳೂರಿನಲ್ಲಿ ಈ ಕಚೇರಿಗಳಿವೆ.

ಈಗ ಅಂಕಿಯನ್ನು ಮೈದಾನದ ಭಾಷೆಗೆ ಇಳಿಸೋಣ. 400 ಮೀಟರಿನ ಟ್ರ್ಯಾಕಿನಲ್ಲಿ 1600 ಮೀಟರ್ ಎಂದರೆ ನಾಲ್ಕು ಸುತ್ತು. ಐದೂವರೆ ನಿಮಿಷಕ್ಕೆ ಮುಗಿಸಲು ಪ್ರತಿ ಸುತ್ತಿಗೆ 82ರಿಂದ 83 ಸೆಕೆಂಡ್ ಸಿಗುತ್ತದೆ. ಐದು ಮುಕ್ಕಾಲು ನಿಮಿಷಕ್ಕೆ 86 ಸೆಕೆಂಡ್. ಮಹಿಳೆಯರ ಮೊದಲ ಗುಂಪಿಗೆ ಸುತ್ತಿಗೆ 112 ಸೆಕೆಂಡ್. ನಿಮ್ಮ ಊರಿನ ಶಾಲಾ ಮೈದಾನ 200 ಮೀಟರಿನದಾದರೆ ಎಂಟು ಸುತ್ತು, ಪ್ರತಿ ಸುತ್ತಿಗೆ 41 ಸೆಕೆಂಡ್. ಮೈದಾನವನ್ನು ಕಣ್ಣಂದಾಜಿನಲ್ಲಿ ನಂಬಬೇಡಿ, ಟೇಪ್ ಹಿಡಿದು ಅಳೆಯಿರಿ. “200 ಮೀಟರ್” ಎಂದುಕೊಂಡಿದ್ದು 170 ಮೀಟರ್ ಆಗಿದ್ದರೆ ರ‍್ಯಾಲಿಯ ದಿನವೇ ಅದು ಗೊತ್ತಾಗುವುದು ದುಃಖದ ಸಂಗತಿ.

1. ಓಡುವ ಮೊದಲು ದೇಹದ ತಪಾಸಣೆ

ಆರು ತಿಂಗಳು ಬೆವರು ಸುರಿಸಿ, ಕೊನೆಗೆ ವೈದ್ಯಕೀಯ ಪರೀಕ್ಷೆಯಲ್ಲಿ ಮೊದಲೇ ಸರಿಪಡಿಸಿಕೊಳ್ಳಬಹುದಾಗಿದ್ದ ಕಾರಣಕ್ಕೆ ಹಿಂದಿರುಗುವವರಿದ್ದಾರೆ. ಆದ್ದರಿಂದ ಮೊದಲ ವಾರದಲ್ಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ರಕ್ತದೊತ್ತಡ, ಹಿಮೋಗ್ಲೋಬಿನ್, ಕಣ್ಣಿನ ದೃಷ್ಟಿ ಮತ್ತು ಬಣ್ಣ ಗುರುತಿಸುವ ಶಕ್ತಿ, ಕಿವಿ, ಹಲ್ಲುಗಳನ್ನು ತೋರಿಸಿಕೊಳ್ಳಿ. ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರೆ ವೈದ್ಯರಿಂದಲೇ ತೆಗೆಸಿ. ಕಡ್ಡಿ ಹಾಕಿ ಕೆದಕಬೇಡಿ. ಹುಳುಕು ಹಲ್ಲನ್ನು ಕೀಳಿಸುವ ಬದಲು ಸಾಧ್ಯವಾದರೆ ತುಂಬಿಸಿ ಉಳಿಸಿಕೊಳ್ಳಿ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಎಷ್ಟು ಓಡಿದರೂ ಉಸಿರು ಸುಧಾರಿಸದು. ಮೊದಲು ಅದಕ್ಕೆ ಚಿಕಿತ್ಸೆಯಾಗಲಿ.

ಚಪ್ಪಟೆ ಪಾದವಿದೆಯೇ ಎಂದು ಮನೆಯಲ್ಲೇ ನೋಡಬಹುದು. ಒದ್ದೆ ಪಾದವನ್ನು ಒಣ ಸಿಮೆಂಟ್ ನೆಲದ ಮೇಲೆ ಊರಿ. ಪಾದದ ಒಳಬದಿಯಲ್ಲಿ ಬಿಲ್ಲಿನಂತೆ ಬಾಗಿದ ಖಾಲಿ ಜಾಗ ಕಾಣಬೇಕು. ಇಡೀ ಪಾದ ಮೂಡಿದರೆ ವೈದ್ಯರ ಸಲಹೆ ಕೇಳಿ. ನೆಟ್ಟಗೆ ನಿಂತಾಗ ಎರಡು ಮೊಣಕಾಲುಗಳು ಒಂದಕ್ಕೊಂದು ತಾಗಿ ಹಿಮ್ಮಡಿಗಳು ದೂರ ಉಳಿಯುವುದನ್ನೂ ತೋರಿಸಿಕೊಳ್ಳಬೇಕು.

ಓಡುವಾಗ ಎದೆನೋವು, ಕಣ್ಣು ಕತ್ತಲೆ ಬರುವುದು, ಮೂರ್ಛೆ ಹೋಗುವುದು ಯಾವಾಗಲಾದರೂ ಆಗಿದ್ದರೆ, ಅಥವಾ ಕುಟುಂಬದಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆಯಿಂದ ತೀರಿಕೊಂಡವರಿದ್ದರೆ, ವೈದ್ಯರು ಒಪ್ಪುವವರೆಗೆ ಓಟ ಆರಂಭಿಸಲೇಬೇಡಿ. ಇದರಲ್ಲಿ ಧೈರ್ಯ ತೋರಿಸುವ ಮಾತಿಲ್ಲ.

2. ಮೊದಲ ನಾಲ್ಕು ವಾರ: ನಡಿಗೆ ಮತ್ತು ಕುಕ್ಕುಲೋಟ

ಮೊದಲ ವಾರ ಓಡಬೇಡಿ. ದಿನಕ್ಕೆ 30ರಿಂದ 40 ನಿಮಿಷ ಬಿರುಸಾಗಿ ನಡೆಯಿರಿ, ವಾರಕ್ಕೆ ಐದು ದಿನ. ಎರಡನೆಯ ವಾರದಿಂದ ಒಂದು ನಿಮಿಷ ನಿಧಾನದ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ಇದನ್ನು ವಾರದಲ್ಲಿ ನಾಲ್ಕು ದಿನ ಮಾಡಿ. ಮೂರನೆಯ ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ನಾಲ್ಕನೆಯ ವಾರ ನಾಲ್ಕು ನಿಮಿಷ ಓಟ, ಎರಡು ನಿಮಿಷ ನಡಿಗೆ, ಐದು ಸಲ.

ನಿಧಾನ ಎಂದರೆ ಎಷ್ಟು ನಿಧಾನ? ಪಕ್ಕದಲ್ಲಿ ಓಡುವ ಗೆಳೆಯನೊಂದಿಗೆ ಒಂದು ಪೂರ್ಣ ವಾಕ್ಯವನ್ನು ತಡವರಿಸದೆ ಮಾತಾಡಲು ಆಗಬೇಕು. ಒಂದೊಂದೇ ಪದ ಹೊರಬರುತ್ತಿದ್ದರೆ ವೇಗ ಹೆಚ್ಚಾಯಿತು ಎಂದು ತಿಳಿಯಿರಿ. ಈ ಮಾತಿನ ಪರೀಕ್ಷೆಗಿಂತ ಒಳ್ಳೆಯ ಮಾಪಕ ಹೊಸಬರಿಗೆ ಬೇಕಿಲ್ಲ, ಕೈಗಡಿಯಾರದ ಹೃದಯಬಡಿತದ ಲೆಕ್ಕವೂ ಬೇಕಿಲ್ಲ.

ಇಲ್ಲಿ ಆಗುವ ಸಾಮಾನ್ಯ ತಪ್ಪು: ಮೊದಲ ದಿನವೇ ಸ್ಟಾಪ್‌ವಾಚ್ ಹಿಡಿದು 1600 ಮೀಟರನ್ನು ಜೀವ ಹೋಗುವಂತೆ ಓಡಿ, ಮಾರನೆಯ ದಿನ ಕಾಲು ಎತ್ತಲಾಗದೆ ಮಲಗುವುದು. ಪ್ರತಿದಿನ ಪರೀಕ್ಷೆ ಬರೆಯುತ್ತಾ ಪಾಠವನ್ನೇ ಓದದ ವಿದ್ಯಾರ್ಥಿಯಂತೆ, ಪ್ರತಿದಿನ ಸಮಯ ನೋಡಿಕೊಂಡು ಓಡುವವನ ದೇಹಕ್ಕೆ ಕಟ್ಟಿಕೊಳ್ಳಲು ಬಿಡುವೇ ಸಿಗುವುದಿಲ್ಲ.

ಶೂ ದುಬಾರಿಯದಾಗಬೇಕಿಲ್ಲ. ಹೆಬ್ಬೆರಳಿನ ಮುಂದೆ ಅರ್ಧ ಬೆರಳಿನಷ್ಟು ಜಾಗವಿರಲಿ, ಹಿಮ್ಮಡಿ ಒಳಗೆ ಜಾರದಿರಲಿ, ಅಡಿ ಸವೆದಿರದಿರಲಿ. ಡಾಂಬರು ರಸ್ತೆಗಿಂತ ಮಣ್ಣಿನ ದಾರಿ ಅಥವಾ ಮೈದಾನ ಮೇಲು. ಬರಿಗಾಲಿನಲ್ಲಿ ಓಡಿ ಬೆಳೆದವರು ಮಣ್ಣಿನ ಮೇಲೆ ಹಾಗೆಯೇ ಮುಂದುವರಿಸಬಹುದು. ವರ್ಷಗಟ್ಟಲೆ ಚಪ್ಪಲಿ, ಶೂ ಹಾಕಿದವರು ಏಕಾಏಕಿ ಬರಿಗಾಲಿಗೆ ಇಳಿಯುವುದು ಕಣಕಾಲಿಗೆ ಕೇಡು.

3. ಐದರಿಂದ ಹತ್ತನೆಯ ವಾರ: ನಿಲ್ಲದ ಓಟ, ಜೊತೆಗೆ ದಂಡ ಮತ್ತು ಬಸ್ಕಿ

ಈಗ ನಡಿಗೆಯನ್ನು ಕಡಿಮೆ ಮಾಡುತ್ತಾ ನಿಲ್ಲಿಸದೆ ಓಡುವ ಅವಧಿಯನ್ನು 15 ನಿಮಿಷಕ್ಕೆ, ಆಮೇಲೆ 20ಕ್ಕೆ, ಹತ್ತನೆಯ ವಾರದ ಹೊತ್ತಿಗೆ 30 ನಿಮಿಷಕ್ಕೆ ತನ್ನಿ. ವೇಗ ಮಾತ್ರ ಮಾತಾಡುತ್ತಾ ಓಡುವಷ್ಟೇ ಇರಲಿ. ಒಂದು ವಾರದ ಒಟ್ಟು ದೂರವನ್ನು ಹಿಂದಿನ ವಾರಕ್ಕಿಂತ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಏರಿಸಬೇಡಿ, ಮತ್ತು ಪ್ರತಿ ನಾಲ್ಕನೆಯ ವಾರ ದೂರವನ್ನು ಸ್ವಲ್ಪ ಇಳಿಸಿ. “ಐದೂವರೆ ನಿಮಿಷದ ಓಟಕ್ಕೆ ಅರ್ಧ ಗಂಟೆ ನಿಧಾನ ಓಡಿ ಏನು ಪ್ರಯೋಜನ?” ಎಂದು ನೀವು ಕೇಳಬಹುದು. 1600 ಮೀಟರ್ ಓಟದ ಹೆಚ್ಚಿನ ಪಾಲು ಶಕ್ತಿ ಆಮ್ಲಜನಕದ ಸಹಾಯದಿಂದಲೇ ಉತ್ಪತ್ತಿಯಾಗುತ್ತದೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದು, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುವುದು ದೀರ್ಘವಾದ, ಹಗುರವಾದ ಓಟದಿಂದ. ಈ ಬುನಾದಿಯಿಲ್ಲದೆ ವೇಗದ ಅಭ್ಯಾಸ ಮಾಡಿದವರು ಮೂರನೆಯ ಸುತ್ತಿನಲ್ಲಿ ನಿಂತುಬಿಡುತ್ತಾರೆ.

ಓಟವಿಲ್ಲದ ದಿನಗಳಲ್ಲಿ ವಾರಕ್ಕೆ ಮೂರು ಬಾರಿ ಕಸರತ್ತು ಮಾಡಿ. ಜಿಮ್ ಅಗತ್ಯವಿಲ್ಲ, ನಮ್ಮ ಗರಡಿ ಮನೆಗಳ ದಂಡ ಮತ್ತು ಬಸ್ಕಿಗಿಂತ ಈ ಹಂತಕ್ಕೆ ಹೊಂದುವ ಸಾಮಗ್ರಿ ಬೇರೊಂದಿಲ್ಲ. ಬಸ್ಕಿ 15ರಂತೆ ಮೂರು ಸಲ, ಒಂದೊಂದೇ ಕಾಲನ್ನು ಮುಂದಿಟ್ಟು ಮೊಣಕಾಲು ಬಗ್ಗಿಸುವುದು 10ರಂತೆ ಮೂರು ಸಲ, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು 20ರಂತೆ ಮೂರು ಸಲ, ದಂಡ ಎಷ್ಟು ಸಾಧ್ಯವೋ ಅಷ್ಟು, ಮತ್ತು ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿಯುವ ಪ್ಲಾಂಕ್ 30 ಸೆಕೆಂಡಿನಂತೆ ಮೂರು ಸಲ. ಹಿಮ್ಮಡಿ ಎತ್ತುವುದು ಸಣ್ಣ ಕೆಲಸವೆಂದು ಬಿಟ್ಟುಬಿಡುವವರೇ ಹೆಚ್ಚು. ಮೀನಖಂಡವೇ ಓಟದ ಪ್ರತಿ ಹೆಜ್ಜೆಯ ಏಟನ್ನು ಹೀರಿಕೊಳ್ಳುವುದರಿಂದ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಅದನ್ನೇ.

ಕಣಕಾಲಿನ ನೋವಿನ ಬಗ್ಗೆ ಇಲ್ಲಿ ತಿಳಿದುಕೊಳ್ಳಿ. ಮುಂಭಾಗದ ಎಲುಬಿನ ಒಳ ಅಂಚಿನುದ್ದಕ್ಕೂ ಹರಡಿದ ನೋವು ಶಿನ್ ಸ್ಪ್ಲಿಂಟ್, ಅಂದರೆ ಎಲುಬಿನ ಮೇಲ್ಪದರ ಮತ್ತು ಅದಕ್ಕಂಟಿದ ಸ್ನಾಯುಗಳು ಅತಿಬಳಕೆಯಿಂದ ಕೆರಳಿದ ಸ್ಥಿತಿ. ಓಟವನ್ನು ಅರ್ಧಕ್ಕೆ ಇಳಿಸಿ, ಮಣ್ಣಿನ ಮೇಲೆ ಮಾತ್ರ ಓಡಿ, ದಿನಕ್ಕೆರಡು ಬಾರಿ 15 ನಿಮಿಷ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಬೆರಳಿನಿಂದ ಒತ್ತಿದಾಗ ಒಂದೇ ಬಿಂದುವಿನಲ್ಲಿ ತೀಕ್ಷ್ಣ ನೋವು, ರಾತ್ರಿ ಮಲಗಿದಾಗಲೂ ನೋವು, ಒಂದೇ ಕಾಲಿನ ಮೇಲೆ ಕುಪ್ಪಳಿಸಲು ಆಗದಿರುವುದು ಕಂಡರೆ ಅದು ಎಲುಬಿನ ಸೂಕ್ಷ್ಮ ಬಿರುಕು ಇರಬಹುದು. ಆರಂಭದ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದಾದ್ದರಿಂದ “ಎಕ್ಸ್‌ರೇ ಸರಿಯಿದೆ” ಎಂದು ಓಟ ಮುಂದುವರಿಸಬೇಡಿ. ಮೂಳೆ ವೈದ್ಯರನ್ನು ಕಾಣಿ. ನೋವು ನಿವಾರಕ ಮಾತ್ರೆ ನುಂಗಿ ಓಡುವುದಂತೂ ಬಿರುಕನ್ನು ಮುರಿತಕ್ಕೆ ಒಯ್ಯುವ ದಾರಿ.

4. ಹನ್ನೊಂದರಿಂದ ಇಪ್ಪತ್ತೆರಡನೆಯ ವಾರ: ವೇಗ

ಮೊದಲ ಎರಡು ವಾರ ಹಗುರ ಓಟದ ಕೊನೆಗೆ 80 ಮೀಟರಿನಷ್ಟು ದೂರವನ್ನು ಸಡಿಲ ಮೈಯಲ್ಲಿ, ಪೂರ್ತಿ ಬಲ ಹಾಕದೆ, ಆರು ಸಲ ಬಿರುಸಾಗಿ ಓಡಿ. ಆಮೇಲೆ ವಾರಕ್ಕೆ ಎರಡು ದಿನ ಮಾತ್ರ ಇಂಟರ್ವಲ್ ಅಭ್ಯಾಸ ಮಾಡಿ; ಅಂದರೆ ಒಂದು ದೂರವನ್ನು ವೇಗವಾಗಿ ಓಡುವುದು, ಗೊತ್ತಾದ ಹೊತ್ತು ನಡೆದು ಸುಧಾರಿಸಿಕೊಳ್ಳುವುದು, ಮತ್ತೆ ಓಡುವುದು.

ಒಂದು ದಿನ 200 ಮೀಟರನ್ನು ಎಂಟು ಸಲ, ಪ್ರತಿಯೊಂದೂ 41 ಸೆಕೆಂಡಿನಲ್ಲಿ, ನಡುವೆ ಒಂದೂವರೆ ನಿಮಿಷ ನಡಿಗೆ. ಇನ್ನೊಂದು ದಿನ 400 ಮೀಟರನ್ನು ನಾಲ್ಕು ಸಲ, ಆರಂಭದಲ್ಲಿ 95 ಸೆಕೆಂಡಿನಲ್ಲಿ, ನಡುವೆ ಮೂರು ನಿಮಿಷ ನಡಿಗೆ. ವಾರ ಕಳೆದಂತೆ 400 ಮೀಟರಿನ ಸಮಯವನ್ನು 90ಕ್ಕೆ, 86ಕ್ಕೆ, 82ಕ್ಕೆ ಇಳಿಸುತ್ತಾ, ಆಮೇಲೆ ಬಿಡುವನ್ನು ಎರಡು ನಿಮಿಷಕ್ಕೆ ತನ್ನಿ. ಎರಡು ಬದಲಾವಣೆಗಳನ್ನೂ ಒಂದೇ ವಾರ ಮಾಡಬಾರದು. ಮಹಿಳಾ ಅಭ್ಯರ್ಥಿಗಳು 400 ಮೀಟರನ್ನು 125 ಸೆಕೆಂಡಿನಿಂದ ಆರಂಭಿಸಿ 112ರತ್ತ ಇಳಿಸಬಹುದು. ಉಳಿದ ದಿನಗಳಲ್ಲಿ ಎರಡು ಹಗುರ ಓಟ, ಅದರಲ್ಲೊಂದು 40 ನಿಮಿಷದ್ದು. ವಾರಕ್ಕೊಂದು ದಿನ ಪೂರ್ತಿ ವಿಶ್ರಾಂತಿ. ಆ ದಿನ ಓಡದೇ ಇರುವುದೂ ತಾಲೀಮಿನ ಭಾಗವೇ.

ಮೂರು ವಾರಕ್ಕೊಮ್ಮೆ ಮಾತ್ರ 1600 ಮೀಟರನ್ನು ಪೂರ್ತಿ ವೇಗದಲ್ಲಿ ಓಡಿ, ಪ್ರತಿ ಸುತ್ತಿನ ಸಮಯವನ್ನೂ ಬರೆದಿಡಿ. ಬಹುತೇಕರ ಲೆಕ್ಕ 72, 85, 96, 94 ಎಂಬಂತಿರುತ್ತದೆ. ಮೊದಲ ಸುತ್ತಿನಲ್ಲಿ ಗಳಿಸಿದ ಹತ್ತು ಸೆಕೆಂಡನ್ನು ಮೂರನೆಯ ಸುತ್ತು ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಅದೇ ಓಟಗಾರ 83, 84, 84, 80 ಎಂದು ಓಡಲು ಕಲಿತರೆ ದೇಹದ ಬಲ ಅಷ್ಟೇ ಇದ್ದರೂ ಸಮಯ ಇಳಿಯುತ್ತದೆ. ರ‍್ಯಾಲಿಯಲ್ಲಿ ನಿಮ್ಮೊಂದಿಗೆ ಗುಂಪಾಗಿ ಹಲವರು ಓಡುತ್ತಾರೆ, ಶಿಳ್ಳೆ ಊದಿದೊಡನೆ ಎಲ್ಲರೂ ನುಗ್ಗುತ್ತಾರೆ; ಆದ್ದರಿಂದ ಕೆಲವು ಸಲ ಹತ್ತಾರು ಗೆಳೆಯರನ್ನು ಸೇರಿಸಿಕೊಂಡು, ನೂಕುನುಗ್ಗಲಿನಲ್ಲೂ ನಿಮ್ಮ ವೇಗವನ್ನು ಹಿಡಿದಿಟ್ಟುಕೊಳ್ಳುವ ಅಭ್ಯಾಸ ಮಾಡಿ.

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಅಭ್ಯಾಸ ಮುಗಿಯಬೇಕು. ಕರಾವಳಿಯಲ್ಲಿ ಬಿಸಿಲು ಕಡಿಮೆಯಿದ್ದರೂ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಅಲ್ಲಿಯೂ ಅಷ್ಟೇ ಎಚ್ಚರ ಬೇಕು. ತಲೆ ಸುತ್ತು, ವಾಂತಿ, ಮಾತು ತೊದಲುವುದು ಕಂಡರೆ ಕೂಡಲೇ ನೆರಳಿಗೆ ಕರೆದೊಯ್ದು, ಮೈಗೆ ನೀರು ಸುರಿದು ಗಾಳಿ ಹಾಕುತ್ತಾ ಆಸ್ಪತ್ರೆಗೆ ಸಾಗಿಸಬೇಕು. ಜ್ವರವಿದ್ದಾಗ ಓಡಬಾರದು, ಡೆಂಗಿ ಅಥವಾ ಚಿಕೂನ್‌ಗುನ್ಯಾ ಬಂದು ಹೋದವರು ವೈದ್ಯರನ್ನು ಕೇಳಿಯೇ ಮರಳಿ ಆರಂಭಿಸಬೇಕು, ಅದೂ ಎರಡನೆಯ ಹಂತದಿಂದ.

5. ಬೀಮ್: ಮೊದಲ ವಾರದಿಂದಲೇ

ಓಟಕ್ಕೆ ಸಿಗುವ ಗಮನ ಬೀಮ್‌ಗೆ ಸಿಗುವುದಿಲ್ಲ. ಆದರೆ 6 ಎಳೆದವರಿಗೂ 10 ಎಳೆದವರಿಗೂ ನಡುವೆ 24 ಅಂಕಗಳ ಅಂತರವಿದೆ. ಓಟದ ಮೊದಲೆರಡು ಗುಂಪುಗಳ ನಡುವಿನ ಅಂತರ 12 ಮಾತ್ರ. ಹೀಗಾಗಿ ಇದನ್ನು ಕೊನೆಗೆ ಉಳಿಸಿಕೊಳ್ಳುವುದು ದೊಡ್ಡ ನಷ್ಟ.

ಶಾಲಾ ಮೈದಾನದ ಕಂಬಿ, ಎರಡು ಕಂಬಗಳ ನಡುವೆ ಭದ್ರವಾಗಿ ಕಟ್ಟಿದ ಕಬ್ಬಿಣದ ಪೈಪ್, ಗಟ್ಟಿ ಕೊಂಬೆ ಯಾವುದಾದರೂ ಆಗುತ್ತದೆ. ಅಂಗೈ ಹೊರಮುಖವಾಗಿರುವಂತೆ ಹಿಡಿಯಿರಿ. ಮೊದಲು ಬರೀ ಜೋತುಬೀಳಿ: 10 ಸೆಕೆಂಡಿನಿಂದ ಆರಂಭಿಸಿ 45 ಸೆಕೆಂಡಿನವರೆಗೆ. ಮುಂದೆ, ಮೊಣಕೈ ಬಗ್ಗಿಸದೆ ಭುಜಗಳನ್ನಷ್ಟೇ ಕಿವಿಯಿಂದ ಕೆಳಕ್ಕೆ ಎಳೆದು ಬಿಡುವುದು, 8ರಂತೆ ಮೂರು ಸಲ. ಇದರೊಂದಿಗೆ ಸೊಂಟದೆತ್ತರದ ಕಂಬಿಯ ಕೆಳಗೆ ಹಿಮ್ಮಡಿ ಊರಿ ಮಲಗಿದಂತೆ ಇದ್ದು, ಎದೆಯನ್ನು ಕಂಬಿಗೆ ಎಳೆದುಕೊಳ್ಳುವುದು. ಆಮೇಲಿನದು ಅತ್ಯಂತ ಫಲ ಕೊಡುವ ಅಭ್ಯಾಸ: ಕುರ್ಚಿಯ ಮೇಲೆ ನಿಂತು ಗದ್ದವನ್ನು ಕಂಬಿಯ ಮೇಲಿರಿಸಿ, ಕಾಲು ಬಿಟ್ಟು, ಐದಾರು ಸೆಕೆಂಡು ತೆಗೆದುಕೊಂಡು ನಿಧಾನವಾಗಿ ಕೆಳಗಿಳಿಯುವುದು. 5 ಸಲ ಹೀಗೆ ಹತೋಟಿಯಲ್ಲಿ ಇಳಿಯಬಲ್ಲವರಿಗೆ ಮೊದಲ ಪೂರ್ಣ ಪುಲ್‌ಅಪ್ ದೂರವಿರುವುದಿಲ್ಲ.

ಒಂದೆರಡು ಬಂದ ಮೇಲೆ, ಒಂದೇ ಬಾರಿಗೆ ಸುಸ್ತಾಗುವವರೆಗೆ ಎಳೆಯುವ ಬದಲು, ದಿನದಲ್ಲಿ ಐದಾರು ಬಾರಿ ನಿಮ್ಮ ಗರಿಷ್ಠದ ಅರ್ಧದಷ್ಟು ಎಳೆಯಿರಿ. ಹೀಗೆ ವಾರಕ್ಕೆ ನಾಲ್ಕು ದಿನ ಸಾಕು. ಕಾಲು ಝಾಡಿಸಿ, ಮೈಯನ್ನು ತೂಗಿಸಿ ಮೇಲೇರುವ ರೂಢಿ ಬೇಡ. ಪ್ರತಿ ಬಾರಿಯೂ ಕೈ ಪೂರ್ತಿ ನೇರವಾಗಲಿ, ಗದ್ದ ಕಂಬಿಯನ್ನು ದಾಟಲಿ. ಅರೆಬರೆ ಎಳೆತಗಳನ್ನು ಮೈದಾನದಲ್ಲಿ ಲೆಕ್ಕಕ್ಕೆ ಹಿಡಿಯದಿದ್ದರೆ ಅಲ್ಲಿ ವಾದಿಸಿ ಪ್ರಯೋಜನವಿಲ್ಲ. ಅಭ್ಯಾಸದಲ್ಲಿ ಶುದ್ಧವಾದ 12 ಬಂದರೆ, ಓಡಿ ದಣಿದ ಮೇಲೆ 10 ನಿರೀಕ್ಷಿಸಬಹುದು.

6. ಹಳ್ಳ, ಬ್ಯಾಲೆನ್ಸ್ ಮತ್ತು ಎದೆಯ ಅಳತೆ

ಒಂಬತ್ತು ಅಡಿ, ಅಂದರೆ 2.74 ಮೀಟರ್, ಓಡಿಬಂದು ಜಿಗಿಯುವವರಿಗೆ ದೊಡ್ಡ ದೂರವಲ್ಲ. ಹೆದರಿ ಅಂಚಿನಲ್ಲಿ ಹೆಜ್ಜೆ ತಡೆಯುವುದರಿಂದಲೇ ಹೆಚ್ಚಿನವರು ತಪ್ಪುತ್ತಾರೆ. ಮರಳಿನಲ್ಲಿ ಆರು ಅಡಿಗೆ ಗೆರೆ ಎಳೆದು ಆರಂಭಿಸಿ, ಹತ್ತು ಅಡಿಯವರೆಗೆ ಬೆಳೆಸಿ. ಎರಡೂ ಮೊಣಕಾಲು ಬಗ್ಗಿಸಿ ಇಳಿಯಿರಿ. ಸೇನೆಗೆ ಸೇರಿದ ಮೇಲೂ ಸೈನಿಕರ ದೈಹಿಕ ಸಾಮರ್ಥ್ಯ ಪರೀಕ್ಷೆಯಲ್ಲಿ ಇದೇ ಒಂಬತ್ತು ಅಡಿ ಹಳ್ಳ ನಿಮ್ಮೆದುರು ಬರುತ್ತದೆ. ಝಿಗ್‌ಝ್ಯಾಗ್ ಬ್ಯಾಲೆನ್ಸ್ ಎಂದರೆ ಅಂಕುಡೊಂಕಾದ ಕಿರಿದಾದ ತೊಲೆಯ ಮೇಲೆ ಕೆಳಗೆ ಕಾಲಿಡದೆ ನಡೆಯುವುದು. ನೆಲಮಟ್ಟದ ಕಟ್ಟೆಯ ಅಂಚಿನಲ್ಲಿ ದಿನಕ್ಕೆ ಐದು ನಿಮಿಷ, ಕಾಲನ್ನು ನೋಡದೆ ಕೆಲವು ಅಡಿ ಮುಂದಕ್ಕೆ ದೃಷ್ಟಿಯಿಟ್ಟು ನಡೆದರೆ ಸಾಕು.

ಎದೆಯ ಸುತ್ತಳತೆ 77 ಸೆಂಟಿಮೀಟರ್ ಇದ್ದು, ಉಸಿರೆಳೆದಾಗ ಕನಿಷ್ಠ 5 ಸೆಂಟಿಮೀಟರ್ ಹಿಗ್ಗಬೇಕು. ದಂಡದ ಜೊತೆ, ಪಕ್ಕೆಲುಬುಗಳು ಅಗಲವಾಗುವಂತೆ ನಿಧಾನವಾಗಿ ಉಸಿರು ತುಂಬಿ ಐದು ಸೆಕೆಂಡು ಹಿಡಿಯುವ ಅಭ್ಯಾಸ ಮಾಡಿ. ಭುಜ ಎತ್ತುವುದರಿಂದ ಅಳತೆ ಹೆಚ್ಚುವುದಿಲ್ಲ.

7. ಊಟ ಮತ್ತು ನಿದ್ದೆ

ಡಬ್ಬಿಯ ಪ್ರೋಟೀನ್ ಪುಡಿಗೆ ಮನೆಯವರ ದುಡಿಮೆಯ ಹಣ ಸುರಿಯಬೇಡಿ. ಈ ಬಗೆಯ ತಾಲೀಮು ಮಾಡುವವರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.2ರಿಂದ 1.6 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಕದವರಿಗೆ 72ರಿಂದ 96 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ, 50 ಗ್ರಾಂ ಒಣ ಹುರುಳಿಕಾಳಿನಲ್ಲಿ 11 ಗ್ರಾಂ ಸಿಗುತ್ತದೆ. ಮುದ್ದೆ, ರೊಟ್ಟಿ ಅಥವಾ ಅನ್ನದ ಜೊತೆ ಪ್ರತಿ ಊಟದಲ್ಲೂ ಕಾಳು, ಬೇಳೆ, ಮೊಟ್ಟೆ, ಮೀನು ಇವುಗಳಲ್ಲೊಂದು ಗಟ್ಟಿಯಾಗಿ ಇರಲಿ. ತಿಳಿಸಾರು ಆ ಲೆಕ್ಕಕ್ಕೆ ಬರುವುದಿಲ್ಲ. ಸೊಪ್ಪಿನ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಅದು ಹಿಡಿಯುವುದು ಕಡಿಮೆಯಾಗುತ್ತದೆ. ರಾತ್ರಿ ಎಂಟು ಗಂಟೆ ನಿದ್ದೆ ಬೇಕು. ಮಧ್ಯರಾತ್ರಿವರೆಗೆ ಮೊಬೈಲ್ ನೋಡಿ ನಾಲ್ಕೂವರೆಗೆ ಎದ್ದು ಓಡುವವರ ಕಾಲುನೋವು ಮಾಯುವುದಿಲ್ಲ.

ದಮ್ಮು ಹೆಚ್ಚುತ್ತದೆಂದು ಯಾರಾದರೂ ಕೊಡುವ ಇಂಜೆಕ್ಷನ್, ಮಾತ್ರೆಗಳನ್ನು ಮುಟ್ಟಬೇಡಿ. ಜೀವಕ್ಕೆ ಅಪಾಯ, ಸಿಕ್ಕಿಬಿದ್ದರೆ ಅನರ್ಹತೆ. ಹಣ ಕೊಟ್ಟರೆ ಓಟದಲ್ಲಿ ಪಾಸು ಮಾಡಿಸುತ್ತೇನೆ ಎನ್ನುವ ದಲ್ಲಾಳಿಗಳ ಮಾತಿಗೂ ಕಿವಿಗೊಡಬೇಡಿ.

8. ಕೊನೆಯ ಎರಡು ವಾರ ಮತ್ತು ರ‍್ಯಾಲಿಯ ದಿನ

ಇಪ್ಪತ್ತಮೂರನೆಯ ವಾರದಿಂದ ಓಟದ ಒಟ್ಟು ದೂರವನ್ನು ಮೂರರಲ್ಲಿ ಎರಡು ಪಾಲಿಗೆ, ಕೊನೆಯ ವಾರದಲ್ಲಿ ಅರ್ಧಕ್ಕೆ ಇಳಿಸಿ, ವೇಗವನ್ನು ಇಳಿಸಬೇಡಿ. ಕೊನೆಯ ಮೂರು ದಿನ ಬೀಮ್ ಬಿಡಿ. ಹಿಂದಿನ ದಿನ ಹೊಸ ಶೂ, ಹೊಸ ತಿಂಡಿ, ಬಸ್ ನಿಲ್ದಾಣದ ಕರಿದ ಪದಾರ್ಥ ಯಾವುದೂ ಬೇಡ. ಸಾಧ್ಯವಾದರೆ ಒಂದು ದಿನ ಮೊದಲೇ ಊರು ತಲುಪಿ ಮಲಗಿ. ಸಾಲಿನಲ್ಲಿ ಗಂಟೆಗಟ್ಟಲೆ ಕಾಯಬೇಕಾಗಬಹುದು. ಬಾಳೆಹಣ್ಣು, ಶೇಂಗಾ-ಬೆಲ್ಲದ ಚಿಕ್ಕಿ, ನೀರು ಚೀಲದಲ್ಲಿರಲಿ. ಗಟ್ಟಿ ತಿಂಡಿಯನ್ನು ಓಟಕ್ಕೆ ಎರಡೂವರೆ ಗಂಟೆ ಮೊದಲೇ ಮುಗಿಸಿ. ಸರದಿ ಹತ್ತಿರ ಬಂದಾಗ ನಿಂತಲ್ಲೇ ಹತ್ತು ನಿಮಿಷ ಕುಕ್ಕುಲೋಟ ಮಾಡಿ ಮೈ ಬಿಸಿ ಮಾಡಿಕೊಳ್ಳಿ.

ಓಟ ಮುಗಿದೊಡನೆ ನೆಲಕ್ಕೆ ಕುಸಿದು ಕೂರಬೇಡಿ, ಮಲಗಬೇಡಿ. ನಡೆಯುತ್ತಾ ಮೂಗಿನಿಂದ ಉಸಿರೆಳೆದು ಬಾಯಿಂದ ಬಿಡಿ, ಎರಡು ಗುಟುಕು ನೀರು ಕುಡಿಯಿರಿ, ತೋಳುಗಳನ್ನು ಜಾಡಿಸಿ ಸಡಿಲಗೊಳಿಸಿ. ಬೆವೆತ ಅಂಗೈಯನ್ನು ಒಣ ಮಣ್ಣಿನಲ್ಲಿ ಉಜ್ಜಿ ಒರೆಸಿಕೊಳ್ಳಿ, ಏಕೆಂದರೆ ಮುಂದಿನ ಸಾಲು ಬೀಮ್‌ನದು.